ಹೆಸರು ಹಿಡಿದು ಕರೆದದ್ದು

ಬರೋಡಾದ ಫತೇಗಂಜಿನ ಕನ್ನಡದ ಮನೆಗಳಲ್ಲಿ ಸುಲೋಚನಾಳ ದನಿ ಕೇಳಿದವರು ಕಡಿಮೆ. ಅರಿಶಿನ ಕುಂಕುಮಕ್ಕೆ ಕರೆದರೆ ಬರುತ್ತಿದ್ದಳು, ಕೋಸಂಬರಿಗೆ ಸೌತೆಕಾಯಿ ಹೆಚ್ಚಿಕೊಡುತ್ತಿದ್ದಳು, ಒಂದು ಹಾಡು ಹೇಳಿ ಅಂದರೆ ತಲೆಯಾಡಿಸಿ ಹಿಂದೆ ಸರಿಯುತ್ತಿದ್ದಳು. ಬಾಗಲಕೋಟೆಯಲ್ಲಿ ಅವಳನ್ನು ಬಲ್ಲವರಿಗೆ ಇದು ನಂಬುವ ಮಾತಲ್ಲ. ಅಲ್ಲಿ ಅವಳು ಹಿತ್ತಲಲ್ಲಿ ನಿಂತು ಹಾಡಿದರೆ ಆಚೆ ಓಣಿಯಲ್ಲಿ ಬೀಸುವವರು ಕಲ್ಲು ನಿಲ್ಲಿಸಿ ಕೇಳುತ್ತಿದ್ದರಂತೆ. ಆ ಗಂಟಲು ಎಲ್ಲಿ ಹೋಯಿತು ಎನ್ನುವುದೇ ಅವಳ ಕಥೆ.

ಗಂಡ ಭೀಮಸೇನರಾಯರು ಬರೋಡಾದ ರೈಲ್ವೆ ಆಫೀಸಿನಲ್ಲಿ ಗುಮಾಸ್ತರು. ಮದುವೆಯಾಗಿ ಬಂದಾಗಿನಿಂದ ಇಬ್ಬರೇ. ಮಕ್ಕಳಾಗಲಿಲ್ಲ. ಅತ್ತೆ ಅಂಬಾಬಾಯಿ ಊರು ಬಿಟ್ಟು ಬರಲು ಒಪ್ಪಿದವರಲ್ಲ. ಒಂದೇ ಒಂದು ಚಳಿಗಾಲ ಬಂದು ಇದ್ದರು. ಆಗ ಮಗ ಆಫೀಸಿನಿಂದ ಬಂದು ಕಟ್ಟೆಯ ಮೇಲೆ ಹರಟುತ್ತ ಕೂತರೆ, ಒಳಗಿನಿಂದಲೇ ಕರೆಯುತ್ತಿದ್ದರು: “ಭೀಮ್ಯಾ... ಏ ಭೀಮ್ಯಾ...” ಮೊದಲನೆಯದು ಉದ್ದ, ಎರಡನೆಯದು ಏರು. ನಲವತ್ತಕ್ಕೆ ಬಂದ ಮಗ ಹುಡುಗನ ಹಾಗೆ ಎದ್ದು ಒಳಗೆ ಹೋಗುತ್ತಿದ್ದ. ಸುಲೋಚನಾಗೆ ನಗು ಬರುತ್ತಿತ್ತು. ಅವಳು ಆ ಹೆಸರನ್ನು ಎತ್ತುವ ಹಾಗಿರಲಿಲ್ಲ. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಿದರೆ ಅವನ ಆಯುಷ್ಯ ಸವೆಯುತ್ತದೆ ಎಂದು ಅವಳಿಗೆ ಅಜ್ಜಿ ಕಲಿಸಿದ್ದರು. ಮದುವೆ ಮುಂಜಿವೆಗಳಲ್ಲಿ ಹಿರಿಯರು ಒತ್ತಾಯ ಮಾಡಿದರೆ ಒಡಪು ಕಟ್ಟಿ, ಪದದ ಮರೆಯಲ್ಲಿ ಹೇಳಬಹುದು. ಅದಕ್ಕೆ ದೋಷವಿಲ್ಲ. ಬರಿಯ ಹೆಸರು ಮಾತ್ರ ಕೂಡದು.

ಅರವತ್ತಮೂರರ ಕಾರ್ತಿಕದಲ್ಲಿ ಅತ್ತೆಗೆ ಕಾಯಿಲೆ ಜೋರಾಗಿದೆ ಎಂದು ತಂತಿ ಬಂತು. ಮುಂಬಯಿ, ಸೊಲ್ಲಾಪುರ ಎಂದು ಗಾಡಿ ಬದಲಿಸಿ ಬಾಗಲಕೋಟೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಚಿಕ್ಕಪ್ಪನ ಮಗ ಕೊಳ್ಳಿ ಇಟ್ಟಿದ್ದ. ಬಂದವರೆಲ್ಲ ಸಮಾಧಾನ ಹೇಳುವ ಬದಲು ಒಂದೇ ಮಾತು ಹೇಳಿದರು: “ಕಡೀತನಕಾ ಭೀಮ್ಯಾ ಭೀಮ್ಯಾ ಅಂತ ಕರದ್ಲಪ್ಪಾ. ಬಾಗಲಾ ನೋಡಿಕೋತನ ಜೀವ ಬಿಟ್ಲು.” ರಾಯರು ಅಳಲಿಲ್ಲ. ಕರ್ಮಗಳನ್ನೆಲ್ಲ ಮಾಡಿ ಬರೋಡಾಕ್ಕೆ ಬಂದರು. ಬಂದವರು ಒಣಗುತ್ತ ಹೋದರು. ತಟ್ಟೆಯಲ್ಲಿ ಹಾಕಿದ್ದನ್ನು ತಿನ್ನುವರು, ಕೇಳಿದ್ದಕ್ಕೆ ಹ್ಞೂಂ ಅನ್ನುವರು, ಅಷ್ಟೇ. ವರುಷದ ಶ್ರಾದ್ಧ ಕಳೆದ ಮೇಲೆ ಅವರ ಸಾಹೇಬರೇ ಕರೆದು, “ನಿಮಗೆ ಪಾಸು ಇದೆ, ರಜೆ ಇದೆ. ಹೆಂಡತಿಯನ್ನು ಕರೆದುಕೊಂಡು ಸಮುದ್ರದ ಗಾಳಿ ಕುಡಿದು ಬನ್ನಿ. ದೀವ್‌ಗೆ ಹೋಗಿ,” ಅಂದರಂತೆ. ಪೋರ್ಚುಗೀಸರು ಬಿಟ್ಟುಹೋಗಿ ಮೂರು ವರುಷವಾಗಿದ್ದ ದ್ವೀಪ ಅದು.

ಪಕ್ಕದ ಮನೆಯ ಮೈಸೂರಿನ ಕಮಲಾಕ್ಷಿ ಹಾಸಿಗೆಯ ಸುರುಳಿ ನೋಡಿ ನಕ್ಕಳು. “ಏನ್ರೀ ಸುಲೋಚನಮ್ಮ, ಮದುವೆಯಾಗಿ ಒಂಬತ್ತು ವರ್ಷಕ್ಕೆ ಹನಿಮೂನಾ? ಸ್ಟವ್ ಯಾಕೆ ಹೊರ್ತೀರಿ, ಹೋಟ್ಲು ಇರಲ್ವಾ?”

“ಇರತಾವಂತ್ರಿ. ಮೀನಿನ ಹೋಟಲ.”

“ಹಾಗಾದ್ರೆ ಹೊತ್ಕೊಳ್ಳಿ ಮಹರಾಯ್ತಿ.”

ದೇಲವಾಡಾ ತನಕ ರೈಲು, ಅಲ್ಲಿಂದ ಕುದುರೆಗಾಡಿ, ಆಮೇಲೆ ದೋಣಿ. ದ್ವೀಪದ ಪಡುವಣ ತುದಿಯಲ್ಲಿ, ಮೀನುಗಾರರ ಕೇರಿಯಲ್ಲಿ, ಜೀವಿಬೆನ್ ಎಂಬ ಹೆಂಗಸು ತನ್ನ ಮನೆಯ ಮುಂದಿನ ಕೋಣೆ ಕೊಟ್ಟಳು. ಗಂಡ ಆಫ್ರಿಕಾದ ಹಡಗು ಹತ್ತಿ ಹೋದವನು ತಿರುಗಿ ಬಂದಿರಲಿಲ್ಲ. ಇವರು ಶಾಕಾಹಾರಿಗಳೆಂದು ತಿಳಿದು, ಒಣಗಿಸಿದ ಮೀನನ್ನು ತಾನೇ ಹಿಂದಿನ ಅಂಗಳಕ್ಕೆ ಸಾಗಿಸಿದಳು.

ಮೊದಲ ದಿನಗಳು ಚೆನ್ನಾಗಿದ್ದವು. ಅಲ್ಲಿನ ತಾಳೆಮರಗಳಿಗೆ ಒಂದೇ ತಲೆಯಿಲ್ಲ, ಕವಲೊಡೆದು ಎರಡು, ನಾಲ್ಕು. ರಾಯರು ಅವನ್ನು ನೋಡಿ, “ನಮ್ಮ ಆಫೀಸಿನ ಹಂಗ. ಒಂದ ಬುಡಕ್ಕ ನಾಕು ಸಾಹೇಬ್ರು,” ಅಂದರು. ಸುಲೋಚನಾ ಸೆರಗು ಬಾಯಿಗೆ ಹಿಡಿದು ನಕ್ಕಳು. ವರುಷದ ಮೇಲೆ ಅವರ ಬಾಯಿಂದ ಬಂದ ಮೊದಲ ಚೇಷ್ಟೆಯ ಮಾತು. ಧೋತರ ಮೇಲೆ ಕಟ್ಟಿ ತೆರೆಯಲ್ಲಿ ನಿಂತು, “ಬಾರ, ಕಾಲಷ್ಟ ತೋಯಿಸ್ಕೋ,” ಎಂದು ಕರೆದರು. ಅವಳು ಹೋದಳು. ಕಾಲ ಕೆಳಗಿನ ಉಸುಕನ್ನು ನೀರು ಎಳೆದುಕೊಂಡು ಹೋಗುವಾಗ ಹೆದರಿ ಅವರ ರಟ್ಟೆ ಹಿಡಿದಳು. ಹಗಲಿನಲ್ಲಿ, ನಾಲ್ಕು ಜನ ನೋಡುವಂತೆ ಗಂಡನ ಕೈ ಹಿಡಿದದ್ದು ಅದೇ ಮೊದಲು. ಶೇಂಗಾಚಟ್ನಿ ಕಲಸಿದ ಅವಲಕ್ಕಿಯನ್ನು ದಂಡೆಯಲ್ಲಿ ಕೂತು ಒಂದೇ ಡಬ್ಬಿಯಿಂದ ತಿಂದರು.

ಆಮೇಲೆ ಒಂದು ಬೆಳಗ್ಗೆ ಬೆಳಕು ಹರಿದರೂ ಬಿಸಿಲು ಬರಲಿಲ್ಲ. ಮಂಜು ಕವಿದಿತ್ತು. ನೀರು ಇಳಿದು ಬಹಳ ದೂರ ಹೋಗಿತ್ತು. ರಾಯರು, “ನೀರಿನ ತನಕಾ ನಡದು ಬರ್ತೀನಿ, ನೀ ಚಹಾಕ್ಕ ಇಡು,” ಎಂದು ತಂಬಿಗೆ ಹಿಡಿದು ಹೊರಟರು. ಬಾಗಲಕೋಟೆಯವರಿಗೆ ಹೊಳೆ ಗೊತ್ತು, ಬಾವಿ ಗೊತ್ತು. ದಂಡೆಯಿಂದ ಎದ್ದು ಹೋಗಿ, ಮನಸ್ಸು ಬಂದಾಗ ತಿರುಗಿ ಬರುವ ನೀರು ಗೊತ್ತಿಲ್ಲ.

ಚಹಾ ಆರಿತು. ಸುಲೋಚನಾ ಹೊರಗೆ ಬಂದು ನೋಡಿದರೆ ಹತ್ತು ಮಾರಿನಾಚೆ ಏನೂ ಇಲ್ಲ, ಬರಿಯ ಬಿಳುಪು. ಆ ಬಿಳುಪಿನೊಳಗೆ ನೀರು ಬರುವ ಸದ್ದು. “ರೀ...” ಎಂದು ಕೂಗಿದಳು. “ರೀ... ಇಲ್ಲೇ ಅದೀನ್ರೀ...” ದಂಡೆಯ ಹಕ್ಕಿಗಳೂ ಹಾಗೇ ಕಿರುಚುತ್ತಿದ್ದವು. ಅವಳ ಕೂಗು ಹಕ್ಕಿಗಳ ಕೂಗಿನಲ್ಲಿ ಸೇರಿ ಹೋಯಿತು. ದಂಡೆಯ ಉದ್ದಕ್ಕೂ ಅಲ್ಲಲ್ಲಿ ನಿಂತ ಹೆಂಗಸರು ಮಂಜಿನಲ್ಲಿದ್ದ ತಮ್ಮ ತಮ್ಮ ದೋಣಿಯವರನ್ನು ಕರೆಯುತ್ತಿದ್ದರು.

ಜೀವಿಬೆನ್ ಓಡಿ ಬಂದಳು. “ಹಾಗೆ ಕರೆದರೆ ಅವನಿಗೆ ಏನು ತಿಳಿದೀತು, ಬೆನ್? ಎಲ್ಲ ಕಡೆಯಿಂದ ಕೂಗು ಕೇಳುತ್ತಿದೆ. ಯಾವ ಕೂಗು ತನ್ನದು ಅಂತ ಗೊತ್ತಾಗದೆ ಬಂಡೆಗಳ ಕಡೆ ನಡೆದಾನು. ಹೆಸರು ಹಿಡಿದು ಕರಿ. ಏನು ಅವನ ಹೆಸರು? ಹೇಳು, ನಾನೂ ಕರೆಯುತ್ತೇನೆ.”

ಸುಲೋಚನಾಳ ನಾಲಿಗೆ ಹೊರಳಲಿಲ್ಲ. ಹೊರಳಿದಾಗ ಬಂದದ್ದು ಒಡಪು: “ಕಂಚಿನ ಗಿಂಡಿಯೊಳಗ ಕೆನಿ ಮೊಸರ, ಹಿರಿಯರ ಮುಂದ ಹೇಳತೀನಿ ಭೀಮಸೇನರಾಯರ ಹೆಸರ...” ಜೀವಿಬೆನ್ ಕಣ್ಣು ಅಗಲಿಸಿದಳು. “ಮಂತ್ರ ಆಮೇಲೆ ಹೇಳು! ಹೆಸರು, ಹೆಸರು!” ನೀರು ಇಬ್ಬರ ಪಾದ ಮುಟ್ಟಿತು.

ಆಗ ಸುಲೋಚನಾ ಕರೆದಳು. ಆ ಹೆಸರನ್ನು ಕರೆಯುವ ರೀತಿ ಅವಳಿಗೆ ಗೊತ್ತಿದ್ದದ್ದು ಒಂದೇ. ಅತ್ತೆ ಕರೆಯುತ್ತಿದ್ದ ರೀತಿ. “ಭೀಮ್ಯಾ... ಏ ಭೀಮ್ಯಾ...” ಮೊದಲನೆಯದು ಉದ್ದ, ಎರಡನೆಯದು ಏರು. ಹಿತ್ತಲಲ್ಲಿ ಹಾಡುತ್ತಿದ್ದ ಗಂಟಲು ಪೂರ್ತಿ ತೆರೆಯಿತು. ಎಷ್ಟು ಸಲ ಕರೆದಳೋ. ದನಿ ಒಡೆದು ರಕ್ತದ ರುಚಿ ಬಂದಾಗ ಮಂಜಿನಿಂದ ರಾಯರು ಬಂದರು, ಎದೆಯ ತನಕ ತೋಯ್ದು, ತಂಬಿಗೆ ಕಳೆದುಕೊಂಡು. ಮುಖದಲ್ಲಿ ಹೆದರಿಕೆಯಿಲ್ಲ. ಹಬ್ಬದ ದಿನ ಮಕ್ಕಳ ಮುಖ ಇರುವ ಹಾಗಿತ್ತು.

“ಅವ್ವ ಕರದ್ಲು,” ಅಂದರು. “ಕೇಳಿದೇನು? ಥೇಟ್ ಅಕೀ ದನಿ. ಊಟಕ್ಕ ಕರಿಯೋ ಹಂಗ. ಅಕೀ ದನೀ ಹಿಡಕೊಂಡ ಬಂದೆ ನಾ.”

ಸುಲೋಚನಾ ಬಾಯಿ ತೆರೆದಳು. ದನಿ ಇರಲಿಲ್ಲ. ಇದ್ದಿದ್ದರೂ ಹೇಳುತ್ತಿದ್ದಳೋ ಇಲ್ಲವೋ. ರಾಯರು ಉಸುಕಿನಲ್ಲಿ ಕೂತು ನಗುತ್ತಿದ್ದರು.

ಬರೋಡಾಕ್ಕೆ ಬಂದ ಮೇಲೆ ಅವರು ಹೊಸ ಮನುಷ್ಯರಾದರು. ಎರಡು ಸಲ ಕೇಳಿ ಹುಳಿ ಹಾಕಿಸಿಕೊಂಡರು. ಕಂಡವರಿಗೆಲ್ಲ ದೀವ್‌ನ ಕಥೆ ಹೇಳಿದರು. ಸಾಯುವಾಗ ಮಗ ಬರಲಿಲ್ಲ ಅಂತ ಅವ್ವ ಸಿಟ್ಟಾಗಿಲ್ಲ, ಸಮುದ್ರದ ತನಕ ಬಂದು ಉಳಿಸಿದಳು ಅನ್ನುವರು. ಕಮಲಾಕ್ಷಿ ಕೈಮುಗಿದಳು. ಸುಲೋಚನಾ ಅಡಿಗೆಮನೆಯಲ್ಲಿ ನಿಂತು ಕೇಳುತ್ತಿದ್ದಳು. ಅವರಿಗೆ ಸಣ್ಣ ಜ್ವರ ಬಂದರೂ ಅವಳ ಎದೆ ಹಾರುತ್ತಿತ್ತು: ಹೆಸರು ಕರೆದದ್ದಕ್ಕೆ ಈಗ ಬಂತು ಅಂತ. ಒಂದು ಶುಕ್ರವಾರ ಒಲೆಯ ಮುಂದೆ ಮೈಮರೆತು ಲಕ್ಷ್ಮಿಯ ಹಾಡು ಎತ್ತಿದಳು. ಕಟ್ಟೆಯಿಂದ ರಾಯರು ಓಡಿ ಒಳಗೆ ಬಂದರು. “ಅವ್ವ ಬಂದಿದ್ಲೇನು? ಈಗ ಕೇಳಿಸಿತಲ್ಲ!” ಅಡಿಗೆಮನೆಯ ಮೂಲೆ ಮೂಲೆ ನೋಡಿದರು. ಅಂದಿನಿಂದ ಅವಳು ಹಾಡುವುದನ್ನು ಬಿಟ್ಟಳು. ಮೆತ್ತಗೆ ಮಾತಾಡಲು ಕಲಿತಳು.

ಆದರೆ ಕೇಳುವುದನ್ನು ರಾಯರು ಬಿಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಹಿಂದಿನ ಬಾಗಿಲಲ್ಲಿ ಕಿವಿ ಕೊಟ್ಟು ನಿಲ್ಲುವರು. ಊಟದ ನಡುವೆ ತುತ್ತು ಹಿಡಿದು ಸುಮ್ಮನಾಗುವರು. “ಕೇಳಿಸ್ತೇನು?” “ಇಲ್ರೀ.” “ನಿನಗ ಕೇಳಸೂದಿಲ್ಲ ಬಿಡು.” ಒಂದು ಮಳೆಗಾಲ ಆಫೀಸಿನಿಂದ ಬರುತ್ತ ವಿಶ್ವಾಮಿತ್ರಿ ಹೊಳೆಯ ದಂಡೆಗೆ ಇಳಿದು ನಿಂತಿದ್ದರಂತೆ; ಗುರುತಿನವರು ಯಾರೋ ಕೈ ಹಿಡಿದು ಮನೆಗೆ ತಂದು ಬಿಟ್ಟರು. ಮೈ ಮತ್ತೆ ಒಣಗಿತು. ಈ ಸಲ ಒಣಗಿದ್ದು ದುಃಖದಿಂದಲ್ಲ, ಕಾತರದಿಂದ. ಸುಲೋಚನಾ ಹೇಳಬೇಕೆಂದು ಎಷ್ಟೋ ಸಲ ಹತ್ತಿರ ಹೋದಳು. ಹೇಳಿದರೆ ತಾಯಿಯನ್ನು ಅವರಿಂದ ಕಿತ್ತುಕೊಂಡ ಹಾಗೆ. ಹೇಳದಿದ್ದರೆ ಆ ತಾಯಿಯೇ ಅವರನ್ನು ಒಯ್ಯುವ ಹಾಗಿತ್ತು.

ಅರವತ್ತೆಂಟರ ಜನವರಿಯಲ್ಲಿ ರಾಯರೇ ಪಾಸು ತೆಗೆಸಿದರು. ಮತ್ತೆ ದೀವ್, ಮತ್ತೆ ಅದೇ ಕೋಣೆ. ಜೀವಿಬೆನ್ ಗುರುತು ಹಿಡಿದು, “ನಿನ್ನ ಹೆಂಡತಿಯ ಗಂಟಲು ಈ ಕೇರಿಯಲ್ಲಿ ಯಾರಿಗೂ ಇಲ್ಲ ಭಾಯ್!” ಅಂದಳು. ರಾಯರ ಕಿವಿ ಆಗಲೇ ಸಮುದ್ರದ ಕಡೆಗಿತ್ತು. ಸುಲೋಚನಾ ಅವಳನ್ನು ಅಂಗಳಕ್ಕೆ ಎಳೆದುಕೊಂಡು ಹೋಗಿ, ಬಂದಷ್ಟು ಗುಜರಾತಿಯಲ್ಲಿ ಎಲ್ಲ ಹೇಳಿದಳು. ಜೀವಿಬೆನ್ ಮೀನು ತಿರುವಿ ಹಾಕುವ ಕೈ ನಿಲ್ಲಿಸಿದಳು.

“ಬದುಕಿದವಳ ಕೂಗನ್ನು ಸತ್ತವಳಿಗೆ ಕೊಟ್ಟೆಯಾ? ಸತ್ತವರು ಕರೆದರೆ ಹೋಗಬೇಕಾದದ್ದು ಎಲ್ಲಿಗೆ, ಹೇಳು? ಮನೆಗಂತೂ ಅಲ್ಲ.”

ಮಾರನೆಯ ಬೆಳಗ್ಗೆ ಮಂಜಿರಲಿಲ್ಲ. ಬಿಸಿಲು ಸ್ವಚ್ಛವಾಗಿತ್ತು. ನೀರು ದೂರ ಹೋಗಿ, ಇನ್ನೇನು ತಿರುಗುವ ಹೊತ್ತು. ರಾಯರು ಧೋತರ ಮೇಲೆ ಕಟ್ಟಿದರು.

“ಬ್ಯಾಡ್ರೀ. ನೀರು ಬರೂ ಹೊತ್ತು.”

“ಬರಲಿ. ಮುಂದ ಹೋದ್ರ ಕರೀತಾಳ. ದಂಡೀ ಮ್ಯಾಲ ಕೂತವನ್ನ ಯಾಕ ಕರದಾಳು?”

ಹೋದರು. ಒದ್ದೆ ಉಸುಕು ದಾಟಿ, ಬಂಡೆ ದಾಟಿ, ನೀರಿಗೆ ಇಳಿದರು. ಮೊಣಕಾಲು, ಸೊಂಟ. ಒಮ್ಮೆಯೂ ತಿರುಗಿ ನೋಡಲಿಲ್ಲ. ಸುಲೋಚನಾ “ರೀ” ಎಂದು ಕೂಗಿದಳು. ಅವರು ಕೈ ಬೀಸಿದರು, ಸುಮ್ಮನಿರು ಅನ್ನುವ ಹಾಗೆ. ಸದ್ದು ಮಾಡಿದರೆ ತಾಯಿಯ ದನಿ ಕೇಳಿಸುವುದಿಲ್ಲವಲ್ಲ.

ಅವಳ ಪಕ್ಕದಲ್ಲಿ ರಿಪೇರಿಗೆಂದು ಕವುಚಿ ಹಾಕಿದ್ದ ದೋಣಿಯೊಂದಿತ್ತು. ಅದರ ಹಿಂದೆ ಕೂತು ಕರೆದರೆ ಸಾಕು. ಅವರು ನಗುತ್ತ ತಿರುಗಿ ಬರುತ್ತಾರೆ, ಬರೋಡಾದಲ್ಲಿ ಎರಡು ಸಲ ಹುಳಿ ಹಾಕಿಸಿಕೊಳ್ಳುತ್ತಾರೆ. ಅತ್ತೆಯೂ ಉಳಿಯುತ್ತಾರೆ. ಮುಂದಿನ ವರುಷ ಮತ್ತೆ ಇಲ್ಲಿಗೆ. ಇಲ್ಲವೇ ವಿಶ್ವಾಮಿತ್ರಿಗೆ, ಅವಳಿಲ್ಲದ ಹೊತ್ತಿನಲ್ಲಿ. ದೋಣಿಯ ಹಲಗೆಯ ಮೇಲೆ ಕೈ ಇಟ್ಟು ಸುಲೋಚನಾ ಇದನ್ನೆಲ್ಲ ಕಂಡಳು. ಕೈ ತೆಗೆದಳು. ಬಯಲಿಗೆ ನಡೆದು, ತಲೆಯ ಮೇಲಿನ ಸೆರಗು ಜಾರಿಸಿ, ಬಾಯಿಗೆ ಎರಡೂ ಕೈ ಹಿಡಿದು ಕರೆದಳು.

“ಭೀಮ್ಯಾ...”

ರಾಯರು ಸಟಕ್ಕನೆ ತಿರುಗಿದರು. ದಂಡೆಯ ಮೇಲೆ ಅವಳೊಬ್ಬಳೇ. ಅವರು ಅವಳ ಹಿಂದೆ, ಆಚೆ ಈಚೆ ಹುಡುಕಿದರು.

“ಏ ಭೀಮ್ಯಾ...”

ಈ ಸಲ ಬಾಯಿ ನೋಡಿದರು. ನೀರು ಎದೆಗೆ ಬಂದಿತ್ತು. ಅವರು ಬರಲಿಲ್ಲ, ಹೋಗಲೂ ಇಲ್ಲ. ಆ ಹೊತ್ತು ಎಷ್ಟಿತ್ತೋ, ಸುಲೋಚನಾಗೆ ತನ್ನ ಇಡೀ ಸಂಸಾರದಷ್ಟು ಉದ್ದವಾಯಿತು. ತಾಯಿ ಕರೆದರೆ ಬರುವವರು, ಹೆಂಡತಿ ಕರೆದರೆ ಬಂದಾರೇ? ಮೂರನೆಯ ಸಲ ಅವಳು ಅತ್ತೆಯ ಹಾಗೆ ಕರೆಯಲಿಲ್ಲ. ಏರಿಲ್ಲ, ಉದ್ದವಿಲ್ಲ, ತನ್ನದೇ ಒಡಕು ದನಿಯಲ್ಲಿ, “ಭೀಮಸೇನ, ಬಾ,” ಅಂದಳು.

ರಾಯರು ಬಂದರು. ಮುದುಕರ ಹಾಗೆ, ಬಂಡೆ ಹಿಡಿದು ಹಿಡಿದು. ಉಸುಕಿನ ಮೇಲೆ ಕೂತರು.

“ಅವತ್ತೂ ನೀನ?”

“ಹೌದ್ರೀ.”

“ಹಂಗಂದ್ರ ಅವ್ವ ಕರೀಲೇ ಇಲ್ಲ.”

“ಕರದಿದ್ರು. ಬಾಗಲಕೋಟ್ಯಾಗ ಕರದಿದ್ರು. ನಾವ ದೂರ ಇದ್ವಿ.”

ಆಗ ಅವರು ಅತ್ತರು. ತಂತಿ ಬಂದಾಗ ಅಳಬೇಕಾದದ್ದನ್ನು, ಕೊಳ್ಳಿ ಇಟ್ಟ ಜಾಗದಲ್ಲಿ ಅಳಬೇಕಾದದ್ದನ್ನು, ಆ ಬಿಸಿಲಿನಲ್ಲಿ ಕೂತು ಅತ್ತರು. ಸುಲೋಚನಾ ಮುಟ್ಟಲು ಹೋಗಲಿಲ್ಲ. ಜೀವಿಬೆನ್ ಬಾಗಿಲಿಗೆ ಬಂದು, ನೋಡಿ, ಒಳಗೆ ಹೋದಳು.

ಬರೋಡಾದಲ್ಲಿ ರಾಯರು ಆಫೀಸಿಗೆ ಹೋದರು, ಬಂದರು. ಹಿಂದಿನ ಬಾಗಿಲಿಗೆ ಹೋಗುವುದನ್ನು ಬಿಟ್ಟರು. ದೀವ್‌ನ ಮಾತನ್ನು ಇಬ್ಬರೂ ಎತ್ತಲಿಲ್ಲ. ಮೂರು ವರುಷ ಆ ಮನೆಯಲ್ಲಿ ಮೂವರಿದ್ದರು, ಈಗ ಇಬ್ಬರೇ. ಅಂಬಾಬಾಯಿ ಓಡಾಡದ ಮನೆ ಸುಲೋಚನಾಗೆ ದೊಡ್ಡದಾಗಿ ಕಂಡಿತು. ಅತ್ತೆಗೆ ತಾನು ಕೊಟ್ಟ ದನಿಯನ್ನು ತಾನೇ ಕಿತ್ತುಕೊಂಡೆನಲ್ಲ, ಅವರು ಈಗ ಎಲ್ಲಿದ್ದಾರೆ ಎಂದು ಯೋಚಿಸುತ್ತಿದ್ದಳು.

ಒಂದು ಸಂಜೆ ಕಮಲಾಕ್ಷಿ ಸಕ್ಕರೆ ಕೇಳಲು ಬಂದಳು. “ಏನ್ರೀ, ನಿಮ್ಮತ್ತೆ ಈಗೀಗ ಮಗನ್ನ ಕರೀತಾ ಇಲ್ವಾ?”

“ಇಲ್ರೀ. ಹೋದ್ರು.”

“ಸತ್ತ ಅತ್ತೇನೂ ಮನೆ ಬಿಡಿಸಿಬಿಟ್ರಿ ಅನ್ನಿ! ನನಗೆ ಬದುಕಿರೋರನ್ನ ಎರಡು ದಿನ ಊರಿಗೆ ಕಳಿಸೋಕಾಗಲ್ಲ,” ಎಂದು ಕಮಲಾಕ್ಷಿ ಜೋರಾಗಿ ನಕ್ಕಳು.

ಒಳಗೆ ಪೇಪರು ಓದುತ್ತಿದ್ದ ರಾಯರು ತಲೆ ಎತ್ತದೆ ಹೇಳಿದರು: “ಹೌದ್ರೀ. ಅವ್ವನ್ನ ಇಕೀನ ಕಳಸಿದ್ಲು.”

ಅದು ಬೈದದ್ದೋ, ಉಪಕಾರ ನೆನೆದದ್ದೋ ಸುಲೋಚನಾಗೆ ತಿಳಿಯಲಿಲ್ಲ. ಅವರ ಮುಖ ನೋಡಿದಳು, ಪೇಪರು ಅಡ್ಡವಿತ್ತು. ಸಕ್ಕರೆ ಅಳೆದು ಕೊಟ್ಟು, ಅನ್ನಕ್ಕೆ ನೀರು ಇಡಲು ಒಳಗೆ ಹೋದಳು.