ಆಚಾರ್ರ ಹಿತ್ತಾಳೆ ರೈಲು

ಪಾಂಡವಪುರದ ಹೈಸ್ಕೂಲೊಂದರಲ್ಲಿ ನಾನು ಇಂಗ್ಲಿಷ್ ಮೇಷ್ಟ್ರಾಗಿದ್ದೆ. ಕುಡಿತವಿರಲಿಲ್ಲ, ಇಸ್ಪೀಟು ಇರಲಿಲ್ಲ. ಇದ್ದ ಹುಚ್ಚೆಂದರೆ ರೈಲಿನ ಮಾದರಿಗಳನ್ನು ಮಾಡುವುದು. ಮಕ್ಕಳು ಕೀಲಿ ಕೊಟ್ಟು ನೆಲದ ಮೇಲೆ ಬಿಡುತ್ತಾರಲ್ಲ, ಅಂಥದ್ದಲ್ಲ. ನಿಜವಾದ ಇಂಜಿನ್ನನ್ನು, ಬೋಗಿಯನ್ನು ಅಳತೆ ಹಿಡಿದು, ಬಾಗಿಲ ಹಿಡಿಯೂ ಬಿಟ್ಟುಹೋಗದಂತೆ ಸಾಗುವಾನಿಯಲ್ಲಿ ಚಿಕ್ಕದಾಗಿ ಕೆತ್ತುತ್ತಿದ್ದೆ. ಸ್ಟೇಷನ್ನಿನಲ್ಲಿ ಟೇಪು ಹಿಡಿದು ನಿಂತರೆ ಅಲ್ಲಿಯ ಪೋರ್ಟರು ಮೊದಮೊದಲು ಗದರುತ್ತಿದ್ದ. ಕೊನೆಕೊನೆಗೆ ಟೇಪಿನ ಇನ್ನೊಂದು ತುದಿಯನ್ನು ಅವನೇ ಹಿಡಿಯುತ್ತಿದ್ದ. ಹನ್ನೊಂದು ವರ್ಷದಲ್ಲಿ ಮಾಡಿದ ಎಂಟು ಮಾದರಿಗಳು ನಮ್ಮ ಮನೆಯ ಬೀರುವಿನ ಮೇಲೆ ಸಾಲಾಗಿ ನಿಂತಿದ್ದವು. ಬಂದವರೆಲ್ಲ ನೋಡಿ ಹೊಗಳುತ್ತಿದ್ದರು. ಸುತ್ತಮುತ್ತ ಆ ಕೆಲಸ ಮಾಡುವವನು ನಾನೊಬ್ಬನೇ ಎಂಬ ಹಮ್ಮು ನನಗಿತ್ತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಶ್ರೀರಂಗಪಟ್ಟಣದ ಒಂದು ಕಂಪ್ಯೂಟರ್ ಸೆಂಟರಿಗೆ ಇಂಟರ್ನೆಟ್ ಬಂತು. ಸೆಂಟರಿನ ಯಜಮಾನತಿ ನನ್ನ ಹಳೆಯ ವಿದ್ಯಾರ್ಥಿನಿ. ಅಲ್ಲಿ ಕೂತು ಹುಡುಕುವಾಗ ಗೊತ್ತಾಯಿತು, ದೇಶವಿದೇಶದಲ್ಲಿ ನನ್ನಂಥ ಹುಚ್ಚರು ಬೇಕಾದಷ್ಟಿದ್ದಾರೆ, ರೈಲಿನ ಮಾದರಿಗಳನ್ನು ಇಂಟರ್ನೆಟ್ಟಿನಲ್ಲೇ ಹರಾಜು ಹಾಕುತ್ತಾರೆ, ಕೂಗುತ್ತಾರೆ ಎಂದು. ಏಳು ದಿನ ಹರಾಜು. ಕೊನೆಯ ಗಳಿಗೆಯಲ್ಲಿ ಯಾರ ಕೂಗು ಹೆಚ್ಚೋ ಅವರಿಗೆ ಮಾಲು. ಧೈರ್ಯ ಮಾಡಿ ಒಂದು ಹಳೆಯ ತಗಡಿನ ಇಂಜಿನ್ನಿಗೆ ಕೂಗಿದೆ. ಮುರಿದ ಸಾಮಾನಾದ್ದರಿಂದ ಇನ್ಯಾರೂ ಕೂಗಲಿಲ್ಲ, ನನಗೇ ಬಂತು. ಎರಡು ತಿಂಗಳಾದ ಮೇಲೆ ಪೋಸ್ಟಿನಲ್ಲಿ ತಲುಪಿದಾಗ ನೋಡಿದರೆ ಒಂದು ಚಕ್ರವೇ ಇರಲಿಲ್ಲ.

ಆ ಚಕ್ರ ಮಾಡಿಸಲೆಂದು ನಾಗಮಂಗಲಕ್ಕೆ ಹೋದೆ. ಅಲ್ಲಿ ಹಿತ್ತಾಳೆ ವಿಗ್ರಹ, ದೀಪ, ಗಂಟೆ ಎರಕ ಹೊಯ್ಯುವ ಮನೆತನಗಳಿವೆ. ಯಾರೋ ತೋರಿಸಿದ ಮನೆಯ ಜಗಲಿಯಲ್ಲಿ ಐವತ್ತು ದಾಟಿದ ಆಚಾರ್ರೊಬ್ಬರು ಮೇಣದಲ್ಲಿ ನಂದಿಯ ಕಿವಿ ತಿದ್ದುತ್ತಾ ಕೂತಿದ್ದರು. ಇಂಜಿನ್ನನ್ನು ಕೈಗೆ ತೆಗೆದುಕೊಂಡು ಅಡಿಮೇಲು ಮಾಡಿ ನೋಡಿದರು.

"ಚಕ್ರ ಏನ್ ಮಾ ದೊಡ್ ಕೆಲ್ಸ ಅಲ್ಲ ಮೇಷ್ಟ್ರೇ. ಆದ್ರೆ ಇದು ಯಾವ್ ದೇಸದ್ ಗಾಡಿಯೋ, ನಾನ್ ಕಂಡಿಲ್ಲ. ನಿಮ್ಮೂರ್ ಟೇಸನ್‌ಗೆ ಮುಂಚೆ ಒಂದ್ ಕರೀ ಇಂಜಿನ್ನು ಬತ್ತಿತ್ತಲ್ಲ ಬುಸ್ ಅನ್ಕಂಡು, ಅದ್ನ ಮಾಡ್ಬುಟ್ರೆ ಎಂಗೆ?"

ಆ ಇಂಜಿನ್ನು ಓಡುತ್ತಿದ್ದ ಮೀಟರ್‌ಗೇಜ್ ಹಳಿಯನ್ನು ಕಿತ್ತು ಆಗಲೇ ಕೆಲವು ವರ್ಷಗಳಾಗಿದ್ದವು. ಅಳತೆಗಳೆಲ್ಲ ನನ್ನ ನೋಟ್‌ಬುಕ್ಕಿನಲ್ಲಿದ್ದವು. ಮುಂದಿನ ಶನಿವಾರ ನಕ್ಷೆ ಬರೆದುಕೊಂಡು ಹೋಗಿ ಕೊಟ್ಟೆ. ಕೊಡುವಾಗ ನನ್ನಲ್ಲಿ ಯಾವ ಕಲ್ಮಶವೂ ಇರಲಿಲ್ಲ. ವಿಗ್ರಹ ಮಾಡುವವರು ಇಂಜಿನ್ನು ಮಾಡಿದರೆ ಎಷ್ಟಿದ್ದೀತು ಎಂದುಕೊಂಡಿದ್ದೆ.

ಮೂರು ತಿಂಗಳಿಗೆ ಅವರು ಅದರ ಮೇಲೆ ಸುತ್ತಿದ್ದ ಬಟ್ಟೆ ಬಿಚ್ಚಿ ತೋರಿಸಿದರು. ಒಂದೂವರೆ ಗೇಣಿನ ಇಂಜಿನ್ನು. ಬಾಯ್ಲರಿನ ಮೇಲೆ ಸಾಸಿವೆಯಷ್ಟು ದಪ್ಪದ ಮೊಳೆಗಳ ಸಾಲು. ಡ್ರೈವರು ಕೈಯೂರುತ್ತಿದ್ದ ಕಿಟಕಿಯ ಅಂಚು ಸವೆದಂತೆ ಸ್ವಲ್ಪ ತಗ್ಗಾಗಿತ್ತು. ಅದು ನನ್ನ ನಕ್ಷೆಯಲ್ಲಿ ಇರಲಿಲ್ಲ.

"ಇದು ಹೇಗೆ ಗೊತ್ತಾಯ್ತು ನಿಮಗೆ?"

"ಸಣ್ಣೋನಾಗಿದ್ದಾಗ ನೋಡಿದ್ದು. ಅಲ್ಲೇ ತಾನೆ ಆವಯ್ಯ ಮೊಳಕೈ ಇಕ್ಕಂಡು ನಿಂತ್ಕತಿದ್ದಿದ್ದು?"

ಹನ್ನೊಂದು ವರ್ಷ ಟೇಪು ಹಿಡಿದು ಅಳೆದ ನಾನು ಅದನ್ನು ಕಂಡಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಅದೇ ಕೊರೆಯುತ್ತಿತ್ತು.

ಹರಾಜಿಗೆ ಹಾಕೋಣ ಎಂದವನು ನಾನೇ. ಹಾಕುವಾಗ ಅವರ ಇಂಜಿನ್ನಿನ ಜೊತೆಗೆ ನನ್ನ ಅತ್ಯುತ್ತಮ ಬೋಗಿಯನ್ನೂ ಹಾಕಿದೆ. ಎರಡರ ಫೋಟೋವನ್ನೂ ಮೈಸೂರಿನಲ್ಲಿ ಸ್ಕ್ಯಾನ್ ಮಾಡಿಸಿ ಫ್ಲಾಪಿಯಲ್ಲಿ ತಂದೆ. ಹರಾಜು ಮುಗಿಯುವ ದಿನ ಬೆಳಿಗ್ಗೆ ಆಚಾರ್ರು ಮೊದಲ ಬಸ್ಸಿಗೇ ಹೊರಟು, ಒಗೆದ ಪಂಚೆಯುಟ್ಟು ಶ್ರೀರಂಗಪಟ್ಟಣದ ಸೆಂಟರಿಗೆ ಬಂದರು. ಪುಟ ತೆರೆದುಕೊಳ್ಳಲು ಐದು ನಿಮಿಷ ಹಿಡಿಯುತ್ತಿತ್ತು. ಒಂದೊಂದು ಸಲ ತೆರೆದಾಗಲೂ ಅವರ ಇಂಜಿನ್ನಿನ ಕೂಗು ಏರಿರುತ್ತಿತ್ತು. ನನ್ನ ಬೋಗಿಗೆ ಏಳು ದಿನದಲ್ಲಿ ಒಬ್ಬರೂ ಕೂಗಿರಲಿಲ್ಲ.

"ನಿಮ್ದು ಎಲ್ಲೈತೆ ಮೇಷ್ಟ್ರೇ?"

"ಇಲ್ಲೇ ಕೆಳಗಿದೆ. ಅದಿರಲಿ ಬಿಡಿ."

ಅವರಿಗೆ ಅರ್ಥವಾಯಿತು. ನನ್ನ ಭುಜ ಮುಟ್ಟಿ, "ಮರದ್ ಕೆಲ್ಸದ್ ಬೆಲೆ ಅವ್ರಿಗೆ ತಿಳೀಯಕಿಲ್ಲ ಬುಡಿ" ಎಂದರು. ಅವರು ಬೀಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಆ ಸಮಾಧಾನದ ಮಾತು ನನ್ನ ಮೈಯೆಲ್ಲ ಉರಿಸಿತು.

ಕೊಂಡವರು ಆಸ್ಟ್ರೇಲಿಯಾದ ಒಬ್ಬ ಮುದುಕರು. ರೈಲ್ವೆಯಲ್ಲಿ ಸಿಗ್ನಲ್ ಕೆಲಸ ಮಾಡಿ ನಿವೃತ್ತರಾದವರು. ಇಂಜಿನ್ನನ್ನು ಹುಲ್ಲಿನಲ್ಲಿ ಸುತ್ತಿ ಮರದ ಪೆಟ್ಟಿಗೆಯಲ್ಲಿಟ್ಟು, ಮೇಲೆ ಬಟ್ಟೆ ಹೊಲಿದು, ಅರಗಿನ ಸೀಲು ಒತ್ತಿ ಪೋಸ್ಟಿಗೆ ಹಾಕಿದೆವು. ತಲುಪಿದ ಮೇಲೆ ಅವರಿಂದ ಎರಡು ಪುಟದ ಇ-ಮೇಲ್ ಬಂತು. ಭೂತಗನ್ನಡಿ ಹಿಡಿದು ಮೊಳೆಗಳನ್ನು ಎಣಿಸಿದರಂತೆ. ಕಿಟಕಿಯ ಸವೆದ ಅಂಚಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಿದ್ದರಂತೆ. ಇದನ್ನು ಮಾಡಿದವರು ಯಾರು, ಅವರ ಒಂದು ಫೋಟೋ ಕಳಿಸುತ್ತೀರಾ, ಇನ್ನೊಂದು ಮಾಡಿಕೊಡುತ್ತಾರಾ ಎಂದು ಕೇಳಿದ್ದರು.

ಆಚಾರ್ರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಶನಿವಾರ ಹೋದಾಗ ಮೇಣದ ಕೈ ಒರೆಸಿಕೊಂಡು ಎದ್ದು ನಿಂತು ಕೇಳಿದರು, "ಏನಂದ್ರು ಮೇಷ್ಟ್ರೇ?"

ಸೆಂಟರಿನಲ್ಲಿ ಪ್ರಿಂಟ್ ತೆಗೆಸಿದ್ದ ಆ ಇ-ಮೇಲಿನ ಕಾಗದ ಮಡಿಸಿದಂತೆಯೇ ನನ್ನ ಅಂಗಿಯ ಜೇಬಿನಲ್ಲಿತ್ತು. ನಾನು ಹೇಳಿದೆ: "ತಲುಪಿತಂತೆ. ಪರವಾಗಿಲ್ಲವಂತೆ."

"ಅಷ್ಟೇನಾ?"

"ಅಷ್ಟೇ."

ಅವರ ಮುಖ ಸಣ್ಣಗಾಯಿತು. ಅದನ್ನು ಕಂಡು ನನಗೆ ಒಳಗೊಳಗೇ ತಂಪೆನಿಸಿತು. ಇದನ್ನು ಬರೆಯುವುದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಆದರೆ ಆದದ್ದು ಹಾಗೆಯೇ. ಆ ಮುದುಕರಿಗೆ ಬರೆದ ಉತ್ತರದಲ್ಲಿ 'ನಾವು ಮಾಡಿದ್ದು' ಎಂದು ಬರೆದೆ. ಫೋಟೋದ ಮಾತೇ ಎತ್ತಲಿಲ್ಲ. ಆಮೇಲೆ ಅವರಿಂದ ಇನ್ನೂ ಎರಡು ಇ-ಮೇಲ್ ಬಂದವು. ಎರಡರ ಪ್ರಿಂಟನ್ನೂ ಮನೆಗೆ ತಂದು, ಮೊದಲನೆಯದರ ಜೊತೆಗೆ ನಿಘಂಟಿನೊಳಗೆ ಇಟ್ಟೆ.

ಒಂದು ಭಾನುವಾರ ನಿಘಂಟು ಒರೆಸುವಾಗ ಅವು ನನ್ನ ಹೆಂಡತಿಯ ಕೈಗೆ ಸಿಕ್ಕವು. ಅವಳೂ ಓದಿದವಳು. ಮೂರನ್ನೂ ಓದಿ ಮುಗಿಸಿ, "ಇದು ಅವರಿಗೆ ಬಂದ ಕಾಗದ ಅಲ್ವೇನ್ರೀ? ನಮ್ಮನೇಲಿ ಯಾಕಿದೆ?" ಎಂದಳು. ನಾನು ಅವನ್ನು ತೆಗೆದುಕೊಂಡು ಮಡಿಸತೊಡಗಿದೆ. "ಹೊಟ್ಟೆಕಿಚ್ಚಾ?" ಎಂದಳು. ಅಂದು ಮಧ್ಯಾಹ್ನ ಊಟ ಬಡಿಸಿ ಅವಳು ನನ್ನ ಎದುರಿಗೆ ಕೂರದೆ ಅಡುಗೆಮನೆಯಲ್ಲೇ ಉಂಡಳು.

ಮಾರನೆಯ ದಿನ ಸ್ಕೂಲಿಗೆ ರಜೆ ಹಾಕಿ ನಾಗಮಂಗಲಕ್ಕೆ ಹೋದೆ. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಮಾತು ಹೊಂದಿಸಿಕೊಂಡಿದ್ದೆ. ಆಚಾರ್ರು ಹಿತ್ತಲಿನಲ್ಲಿ ಒಂದು ಹೊಸ ಗಂಟೆಗೆ ಅರ ಹಾಕುತ್ತಿದ್ದರು. ನಾನು ಬಾಯಿ ತೆರೆಯುವ ಮುಂಚೆ ಅವರೇ ಅಂದರು:

"ಇನ್ನೊಂದ್ ಇಂಜಿನ್ ಮಾಡಿದ್ದೆ ಮೇಷ್ಟ್ರೇ, ನಿಮ್ಗೆ ಯೋಳಿರ್ನಿಲ್ಲ. ಮೊದ್ಲಿಂದಕ್ಕಿಂತ ವಸಿ ಚೆನ್ನಾಗೇ ಬಂದಿತ್ತು. ಆಮೇಲೆ ನೋಡ್ದೆ, ಪರ್ವಾಗಿಲ್ಲ ಅಂದೋರ್ಗೆ ಮತ್ತೆ ಯಾಕ್ ಕಳ್ಸದು ಅನ್ನುಸ್ತು. ಕರಗ್ಸ್‌ಬುಟ್ಟೆ. ಅದೇ ಇದು." ಗಂಟೆಯನ್ನು ಬೆರಳಲ್ಲಿ ತಟ್ಟಿ ತೋರಿಸಿದರು.

ಹೊಂದಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಜೇಬಿನಿಂದ ಮೂರು ಕಾಗದಗಳನ್ನೂ ತೆಗೆದು, ಅಲ್ಲೇ ನಿಂತು, ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿ ಓದಿ ಹೇಳಿದೆ. ಯಾವುದನ್ನೂ ಬಿಡಲಿಲ್ಲ. ಮೊದಲನೆಯದು ಯಾವಾಗ ಬಂದದ್ದೆಂದೂ ಹೇಳಿದೆ.

ಅವರು ಅರ ಕೆಳಗಿಟ್ಟರು. "ಆ ಕಿಟ್ಕಿ ವಿಸ್ಯ ಇನ್ನೊಂದ್ಸಲ ಓದಿ."

ಓದಿದೆ.

"ಬೆರಳಿಟ್ಕಂಡ್ ಕುಂತಿದ್ರಾ?" ಎಂದು ಕೇಳಿದರು. ಆಮೇಲೆ ಕೈ ಚಾಚಿದರು. ಕಾಗದಗಳನ್ನು ಕೊಟ್ಟೆ. ತಲೆಕೆಳಗಾಗಿ ಹಿಡಿದಿದ್ದನ್ನು ತಿರುಗಿಸಿಕೊಂಡು, ಅಕ್ಷರಗಳನ್ನು ನೋಡಿದರು. ಬಯ್ದಿದ್ದರೆ ಚೆನ್ನಾಗಿತ್ತು. ಒಳಗೆ ಕೂಗಿ ನನಗೆ ಕಾಫಿ ತರಿಸಿದರು. ತಾವು ಕುಡಿಯಲಿಲ್ಲ. ನಾನು ಹೊರಟಾಗ ಬಾಗಿಲವರೆಗೆ ಬಂದು, "ಇನ್ಮೇಲೆ ನೀವು ಅಷ್ಟ್ ದೂರದಿಂದ ಬರೋ ತೊಂದ್ರೆ ತಗಬ್ಯಾಡಿ" ಎಂದರು.

ಆಮೇಲೆ ಗೊತ್ತಾಯಿತು, ಕೆ.ಆರ್. ಪೇಟೆಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ಅವರ ತಂಗಿಯ ಮಗಳು ಕಂಪ್ಯೂಟರ್ ಹಾಕಿಸಿಕೊಂಡಿದ್ದಾಳೆ, ಅವರ ಕಾಗದಗಳನ್ನೆಲ್ಲ ಈಗ ಅವಳೇ ಓದಿ ಹೇಳುತ್ತಾಳೆ ಎಂದು. ತಪ್ಪು ನನ್ನದೇ. ಆದರೂ ನಾನು ಕಂಡೇ ಇರದ ಆ ಹೆಣ್ಣುಮಗಳ ಮೇಲೆ ನನಗೆ ಹೊಟ್ಟೆ ಉರಿಯಿತು. ನಾನು ಓದಬೇಕಾಗಿದ್ದ ಸಾಲುಗಳನ್ನು ಅವಳು ಓದುತ್ತಿದ್ದಳು. ಅದನ್ನು ಕೇಳುವಾಗಿನ ಅವರ ಮುಖವನ್ನು ಅವಳು ನೋಡುತ್ತಿದ್ದಳು.

ಮುಂದಿನ ವರ್ಷದ ಬೇಸಿಗೆ ರಜೆಯಲ್ಲಿ ಹರಾಜಿನ ಪುಟದಲ್ಲಿ ಅವರ ಮೂರನೆಯ ಇಂಜಿನ್ನು ಕಾಣಿಸಿತು. ಅದರ ಪಕ್ಕದಲ್ಲಿ, ಒಗೆದ ಪಂಚೆಯುಟ್ಟ ಆಚಾರ್ರ ಫೋಟೋ. ಈ ಸಲ ಅವರು ನೀರಿನ ತೊಟ್ಟಿಯ ಮೇಲೆ ಒಂದು ಗುಬ್ಬಿಯನ್ನು ಕೂರಿಸಿದ್ದರು. ಅದನ್ನು ನೋಡಿದ ಮೇಲೆ ನನಗೆ ಬೇರೆ ಏನೂ ತೋಚಲಿಲ್ಲ. ಕೂಗಿದೆ. ಮತ್ತೊಬ್ಬರು ಕೂಗಿದರು, ನಾನೂ ಏರಿಸಿದೆ. ಕೊನೆಯ ದಿನದ ಬೆಳಿಗ್ಗೆಯವರೆಗೂ ಏರಿಸುತ್ತಲೇ ಹೋದೆ. ಮುಗಿಯಲು ಮೂರು ನಿಮಿಷ ಇರುವಾಗ ಆಸ್ಟ್ರೇಲಿಯಾದ ಮುದುಕರು ನನ್ನ ಕೈಗೆಟುಕದಷ್ಟು ಮೇಲಕ್ಕೆ ಕೂಗಿಬಿಟ್ಟರು.

ಕೆಲವು ವಾರಗಳ ನಂತರ ಮೇಲುಕೋಟೆಯಲ್ಲಿ ಒಂದು ಮದುವೆ ಮನೆಯಲ್ಲಿ ಆಚಾರ್ರು ಎದುರಾದರು. ತಪ್ಪಿಸಿಕೊಂಡು ಹೋಗುವಷ್ಟು ಜಾಗವಿರಲಿಲ್ಲ. ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಗೇ ಬಂದು ಕೂತರು. ಹರಾಜಿನಲ್ಲಿ ಕೂಗಿದವರ ಗುರುತೆಲ್ಲ ಆಗ ಪುಟದಲ್ಲಿ ಕಾಣುತ್ತಿತ್ತು. ನಾನು ಅಲ್ಲಿ ಇಟ್ಟುಕೊಂಡಿದ್ದ ಗುರುತು ನಮ್ಮ ಊರಿನ ಹೆಸರೇ ಆಗಿತ್ತು, ಅದನ್ನು ಅವರ ತಂಗಿಯ ಮಗಳು ಓದಿ ಹೇಳಿರಬೇಕು.

ಪಾಯಸ ಬಡಿಸಿ ಹೋದ ಮೇಲೆ ಎಲೆಯ ಕಡೆಗೇ ನೋಡುತ್ತಾ ಅಂದರು, "ಬೇಕೂಂತಿದ್ರೆ ನನ್ನೇ ಕೇಳ್ಬೋದಾಗಿತ್ತಲ್ಲ ಮೇಷ್ಟ್ರೇ."

"ಕೇಳೋಕೆ ಮುಖ ಇರ್ಲಿಲ್ಲ."

ಅವರು ತಲೆಯಾಡಿಸಿದರು. ಹೌದೆಂದೋ ಇಲ್ಲವೆಂದೋ ನನಗೆ ತಿಳಿಯಲಿಲ್ಲ. ಆಮೇಲೆ, ಆ ಮುದುಕರು ಗುಬ್ಬಿಯ ಬಗ್ಗೆ ಏನು ಬರೆದಿದ್ದಾರೆಂದು ತಾವಾಗಿಯೇ ಹೇಳತೊಡಗಿದರು. ನಾನು ಪಾಯಸ ಮುಟ್ಟದೆ ಕೇಳಿಸಿಕೊಂಡೆ. ಕೇಳುತ್ತಿದ್ದಷ್ಟು ಹೊತ್ತೂ ನನ್ನ ಹೊಟ್ಟೆ ಉರಿಯುತ್ತಲೇ ಇತ್ತು.