ಏಳು ಬಾಗಿಲು, ನಲವತ್ತು ಸೆಕೆಂಡು

ಆಗಸ್ಟಿನ್ ಅಂಕಲ್‌ಗೆ ಬಾಗಿಲು ತೆರೆಯುವುದು ಗೊತ್ತು. ಇದೂ ಒಂದು ವಿದ್ಯೆಯೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ, ಅವರ ಮನೆಯ ಸೋಫಾದಲ್ಲೇ ಕೂತು, ಅವರದೇ ಚಹಾ ಕುಡಿಯುತ್ತಾ.

ಅವರು ಶಿರ್ವದವರು, ವಯಸ್ಸು ಐವತ್ತೆಂಟು. ದುಬೈಯ ಒಂದು ಆಸ್ಪತ್ರೆಯ ಸ್ಟೋರಿನಲ್ಲಿ ಕೆಲಸ. ಹೆಂಡತಿ ಗ್ರೇಸಿ ಆಂಟಿ ಅಲ್ಲೇ ನರ್ಸ್. ಮನೆ ಊದ್ ಮೇಥಾದಲ್ಲಿ. ನಮ್ಮ ಕನ್ನಡ ಬಳಗದ ನಾಟಕಗಳಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪರದೆ ಎಳೆದವರು, ಮೈಕಿನ ವಯರು ಸುತ್ತಿದವರು, ಎಲ್ಲ ಮುಗಿದ ಮೇಲೆ ಕುರ್ಚಿ ಮಡಚಿದವರು ಇವರೇ. ವಂದನಾರ್ಪಣೆಯಲ್ಲಿ ಇವರ ಹೆಸರು ‘ಮತ್ತು ಇತರರು’ ಎಂಬುದರೊಳಗೆ ಬರುತ್ತಿತ್ತು.

ನಾನು ರೋಷನ್, ಕಾಪುವಿನವನು. ಸಿಲಿಕಾನ್ ಓಯಸಿಸ್‌ನ ಕಂಪನಿಯೊಂದರ ಹೆಲ್ಪ್‌ಡೆಸ್ಕಿನಲ್ಲಿದ್ದೇನೆ. ‘ಒಮ್ಮೆ ಆಫ್ ಮಾಡಿ ಆನ್ ಮಾಡಿ’ ಎಂದು ದಿನಕ್ಕೆ ಅರುವತ್ತು ಸಲ ಹೇಳಲು ನನಗೆ ಸಂಬಳ. ಈ ಅನುಭವದ ಬಲದಿಂದ ಈ ವರ್ಷದ ವಾರ್ಷಿಕೋತ್ಸವದ ನಾಟಕಕ್ಕೆ ನಾನೇ ನಿರ್ದೇಶಕ ಎಂದು ಘೋಷಿಸಿಕೊಂಡೆ. ಬೇರೆ ಯಾರೂ ಕೈ ಎತ್ತದ ಕಾರಣ ಅವಿರೋಧವಾಗಿ ಆಯ್ಕೆಯಾದೆ. ಆಮೇಲೆ ಗೊತ್ತಾಯಿತು, ನನ್ನ ಹತ್ತಿರ ನಾಟಕವೇ ಇಲ್ಲ.

ನಾಟಕ ಕೊಟ್ಟದ್ದು ಅಂಕಲ್. ತೊಂಬತ್ತರಲ್ಲಿ ಅವರು ಅಬುಧಾಬಿಗೆ ಬಂದಾಗ ಒಬ್ಬ ಇಂಗ್ಲಿಷ್ ಇಂಜಿನಿಯರನ ಡ್ರೈವರ್ ಆಗಿದ್ದರು. ವಾರಕ್ಕೊಮ್ಮೆ ದುಬೈಗೆ ಹೋಗಿಬರುವ ಕೆಲಸ. ಆ ಸಾಹೇಬನ ಕಾರಿನಲ್ಲಿ ಹಾಡಿನ ಕ್ಯಾಸೆಟ್ ಒಂದೂ ಇರಲಿಲ್ಲ. ಇದ್ದದ್ದೆಲ್ಲ ಬ್ರಿಟನ್ನಿನ ಹಳೆಯ ರೇಡಿಯೊ ಹಾಸ್ಯದ ಕಂತುಗಳು, ಸಾಹೇಬನ ಅಪ್ಪನ ಕಾಲದವು. ಅವುಗಳಲ್ಲಿ ಒಂದನ್ನು ಅಂಕಲ್ ನೂರು ಸಲವಾದರೂ ಕೇಳಿರಬೇಕು. ಒಂದು ದೊಡ್ಡ ಮನೆ. ಬಾಡಿಗೆದಾರ ಒಳಗೆಲ್ಲೋ ಅಡಗಿದ್ದಾನೆ. ಮನೆಯ ಒಡೆಯ ಹುಡುಕಿಕೊಂಡು ಬರುತ್ತಾನೆ. ಆಗ ನಲವತ್ತು ಸೆಕೆಂಡು ಯಾರೂ ಮಾತಾಡುವುದಿಲ್ಲ. ಬೂಟು ಮೆಟ್ಟಿಲು ಹತ್ತುತ್ತದೆ, ಒಂದಾದ ಮೇಲೊಂದು ಏಳು ಬಾಗಿಲು ತೆರೆಯುತ್ತವೆ. ಏಳನೆಯದಕ್ಕೆ ಕೇಳುಗರ ನಗು ಕಾರಿನ ಗಾಜು ಅದುರುವಷ್ಟು.

“ನನಗೆ ಆಗ ಇಂಗ್ಲಿಷ್ ಬರ್ತಿರ್ಲಿಲ್ಲ” ಎಂದರು ಅಂಕಲ್. “ಮಾತು ಒಂದೂ ಅರ್ಥ ಆಗ್ತಿರ್ಲಿಲ್ಲ. ಬಾಗಿಲು ಅರ್ಥ ಆಗ್ತಿತ್ತು. ಸಾಯೇಬ ಹೇಗೆ ಗೊತ್ತುಂಟಾ, ಬಾಗಿಲು ತೆಗಿಯುವ ಮೊದಲೇ ನಗ್ಲಿಕ್ಕೆ ಶುರು ಮಾಡ್ತಿದ್ದ.”

ನಾನು ಆ ಕಥೆಯನ್ನು ದುಬೈಯ ಒಂದು ಫ್ಲ್ಯಾಟಿಗೆ ತಂದು ಕನ್ನಡದಲ್ಲಿ ಬರೆದೆ. ರೇಡಿಯೊದ ಹಾಗೆಯೇ ಇರಲಿ ಎಂದು ತೀರ್ಮಾನವಾಯಿತು: ಪರದೆ ಮುಚ್ಚಿರುತ್ತದೆ, ನಟರು ಹಿಂದೆ ಮೈಕಿನ ಮುಂದೆ ಓದುತ್ತಾರೆ, ಜನ ಕೇಳುತ್ತಾರೆ. ಎಲ್ಲ ಸರಿ. ಆದರೆ ಆ ನಲವತ್ತು ಸೆಕೆಂಡನ್ನು ನಾನು ಎಂಟಕ್ಕೆ, ಏಳು ಬಾಗಿಲನ್ನು ಎರಡಕ್ಕೆ ಇಳಿಸಿದೆ. ಎಂಟು ಸೆಕೆಂಡಿಗಿಂತ ಹೆಚ್ಚು ಹೊತ್ತು ಫೋನು ಮುಟ್ಟದೆ ಕೂರಲು ನನಗೇ ಆಗುವುದಿಲ್ಲ. ಜಗತ್ತಿನ ಅಳತೆಗೋಲು ನಾನೇ ತಾನೆ. ಬಳಗದ ಅಧ್ಯಕ್ಷರು ಮೋಹನದಾಸ್ ಶೆಟ್ಟರು, ಮಿರ್ದಿಫ್‌ನಲ್ಲಿ ವಿಲ್ಲಾ ಇರುವವರು, ಎಂಟೇ ಜಾಸ್ತಿ ಎಂದು ನನ್ನನ್ನು ಬೆಂಬಲಿಸಿದರು.

“ಎರಡು ಬಾಗಿಲಿಗೆ ಯಾರು ನಗ್ತಾರೆ ಮಾರಾಯ?” ಎಂದರು ಅಂಕಲ್. “ಎರಡು ಬಾಗಿಲು ನಿನ್ನ ಸ್ಟುಡಿಯೋ ಫ್ಲ್ಯಾಟಿಗೂ ಉಂಟು.”

“ಬೇಕಾದ್ರೆ ಲ್ಯಾಪ್‌ಟಾಪಿನಲ್ಲಿ ನೂರು ನಮೂನೆ ಬಾಗಿಲು ಉಂಟು ಅಂಕಲ್. ಒತ್ತಿದ್ರೆ ಆಯ್ತು.”

“ಅದು ಯಾರ ಮನೆ ಬಾಗಿಲು?”

ಅಂಕಲ್ ಎದ್ದು ಬಾಲ್ಕನಿಗೆ ಹೋದರು. ಗ್ರೇಸಿ ಆಂಟಿ ನನ್ನ ಲೋಟ ತೆಗೆದುಕೊಳ್ಳುತ್ತಾ ತಗ್ಗಿದ ದನಿಯಲ್ಲಿ ಹೇಳಿದರು: “ಇಪ್ಪತ್ತೆರಡು ವರ್ಷದಲ್ಲಿ ಇವರು ನಿಮ್ಮತ್ರ ಎಂತದೂ ಕೇಳ್ಲಿಲ್ಲ ರೋಷನ್. ಈಗ ನಲವತ್ತು ಸೆಕೆಂಡು ಕೇಳಿದ್ದಾರೆ.”

ಕೊಟ್ಟೆ. ದೊಡ್ಡ ಮನಸ್ಸಿನಿಂದ ಅಲ್ಲ. ಲ್ಯಾಪ್‌ಟಾಪನ್ನು ಪಕ್ಕದಲ್ಲೇ ಇಟ್ಟುಕೊಳ್ಳುವುದು, ಸಭೆಯಲ್ಲಿ ಒಂದು ಕೆಮ್ಮು ಕೇಳಿದ ಕೂಡಲೇ ಮುಂದಿನ ದೃಶ್ಯದ ಸಂಗೀತ ಒತ್ತಿಬಿಡುವುದು ಎಂದು ಒಳಗೊಳಗೇ ಲೆಕ್ಕ ಹಾಕಿ ಕೊಟ್ಟೆ.

ಅಂಕಲ್ ಮೂರು ವಾರ ಕೂತು ಒಂದು ಬಾಗಿಲು ಮಾಡಿದರು. ಸೊಂಟದೆತ್ತರದ್ದು, ಚೌಕಟ್ಟು ಸಮೇತ, ನೆಲದ ಮೇಲೆ ತಾನೇ ನಿಲ್ಲುವಂಥದ್ದು. ಶಾರ್ಜಾದ ಹಳೆ ಸಾಮಾನಿನ ಅಂಗಡಿಯಿಂದ ಒಂದು ಕಬ್ಬಿಣದ ಚಿಲಕ, ಒಂದು ಜೊತೆ ಬಿಜಾಗರಿ ತಂದಿದ್ದರು. ಡ್ಯೂಟಿ ಮುಗಿಸಿ ಬಂದು ದಿನವೂ ಆ ಒಂದೇ ಬಾಗಿಲನ್ನು ಏಳು ಬಾಗಿಲಾಗಿ ತೆರೆಯುವ ಅಭ್ಯಾಸ.

ಪ್ರದರ್ಶನ ಶನಿವಾರ ಸಂಜೆ ಆರಕ್ಕೆ. ಶನಿವಾರ ಬೆಳಿಗ್ಗೆ ನಾನು ಅವರ ಮನೆಯಲ್ಲಿರುವಾಗಲೇ ಕಟ್ಟಡದ ವಾಚ್‌ಮನ್ ರಾಝಿಕ್ ಬೆಲ್ ಒತ್ತಿದ. ವಿಟ್ಲದವನು, ಅಂಕಲ್ ಮೇಲೆ ಗೌರವ ಇರುವವನು, ಆದರೂ ಅವತ್ತು ಮುಖ ಬಿಗಿದುಕೊಂಡೇ ಬಂದಿದ್ದ.

“ಅಂಕಲ್, ಕೆಳಗಿನ ಫ್ಲ್ಯಾಟಿನವರು ಕಂಪ್ಲೇಂಟ್ ಕೊಟ್ಟಿದ್ದಾರೆ. ನೀವು ಒಳಗೆ ಪಾರ್ಟಿಷನ್ ಹಾಕಿ ಬೆಡ್‌ಸ್ಪೇಸ್ ಕೊಟ್ಟಿದ್ದೀರಂತೆ.”

ಒಂದು ಫ್ಲ್ಯಾಟನ್ನು ಹಲಗೆ ಹೊಡೆದು ಗೂಡುಗಳಾಗಿ ಮಾಡಿ ಮಂಚದ ಲೆಕ್ಕದಲ್ಲಿ ಬಾಡಿಗೆಗೆ ಜನ ತುಂಬಿಸುವುದು ಇಲ್ಲಿ ನಿಷಿದ್ಧ. ತಪಾಸಣೆಗೆ ಬಂದರೆ ಮನೆಯೇ ಹೋಗುತ್ತದೆ.

“ಯಾರಿದ್ದಾರಾ ಇಲ್ಲಿ? ನಾನು, ಗ್ರೇಸಿ.”

“ಅವರು ಲೆಕ್ಕ ಹಾಕಿದ್ದಾರೆ ಅಂಕಲ್. ದಿನಾ ಏಳು ಬಾಗಿಲು ತೆಗೀತದಂತೆ.”

ಅಂಕಲ್ ರಾಝಿಕ್‌ನ ಕೈ ಹಿಡಿದುಕೊಂಡರು. “ಏಳೂ ಬೇರೆ ಬೇರೆ ಕೇಳ್ತದೆ ಅಂತ ಹೇಳಿದ್ರಾ ಅವರು?”

ರಾಝಿಕ್ ಒಳಗೆ ಬಂದು ಎಲ್ಲ ಕೋಣೆ ನೋಡಿದ. ಗೋಡೆ ಸಿಗಲಿಲ್ಲ. ಹಾಲ್‌ನ ನಡುವೆ ಒಂಟಿಯಾಗಿ ನಿಂತಿದ್ದ ಬಾಗಿಲು ಸಿಕ್ಕಿತು. ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ, ಒಮ್ಮೆ ತೆರೆದೂ ನೋಡಿದ. ಆ ಕಡೆ ಟಿವಿ ಇತ್ತು. ಪಾಪ, ಏನೂ ತೋಚದೆ ಕಟ್ಟಡದ ಆಫೀಸಿನ ನುಸ್ರತ್ ಮೇಡಂಗೆ ಫೋನು ಹಚ್ಚಿದ. ಹಿಂದಿಯಲ್ಲಿ ಬಹಳ ಹೊತ್ತು “ಜೀ ಮೇಡಂ” ಎಂದು ಕೇಳಿಸಿಕೊಂಡು ನಮ್ಮತ್ತ ತಿರುಗಿದ.

“ಮನೆಯೊಳಗೆ ಇಡ್ಲಿಕ್ಕೆ ಪರ್ಮಿಷನ್ ಇಲ್ಲ ಅಂತೆ. ಹೊರಗೆ ತಕೊಂಡು ಹೋಗುದಾದ್ರೆ ಫರ್ನಿಚರ್ ಸಾಗಿಸುವ ಪರ್ಮಿಟ್ ಬೇಕು. ಮೂರು ದಿವಸ ಆಗ್ತದೆ. ಅಷ್ಟರವರೆಗೆ ಕೆಳಗೆ ಸ್ಟೋರಿಗೆ ಹಾಕಿ ಬೀಗ ಹಾಕ್ಬೇಕಂತೆ.”

“ನಾಟಕ ಇವತ್ತು ಸಂಜೆ ರಾಝಿಕ್” ಎಂದೆ.

“ನಾನು ಎಂತ ಮಾಡ್ಲಿ ಅಣ್ಣಾ? ನನ್ನ ಕೆಲಸ ಹೋಗ್ತದೆ.”

ಖಲಾಸ್ ಎಂದುಕೊಂಡೆ. ನಿಜ ಹೇಳುತ್ತೇನೆ, ನನ್ನ ಮನಸ್ಸಿನ ಒಂದು ಮೂಲೆಯಲ್ಲಿ ಲ್ಯಾಪ್‌ಟಾಪು ತಾನೇ ಆನ್ ಆಯಿತು. ಎಂಟು ಸೆಕೆಂಡು, ಎರಡು ಬಾಗಿಲು.

ಅಂಕಲ್ ಬಾಗಿಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಚಿಲಕವನ್ನು ಬೆರಳಿನಿಂದ ಒಮ್ಮೆ ಎತ್ತಿ ಬಿಟ್ಟರು. “ರಾಝಿಕ್, ಚಿಲಕಕ್ಕೆ ಪರ್ಮಿಟ್ ಬೇಕಾ?”

ರಾಝಿಕ್ ಯೋಚಿಸಿದ. “ಚಿಲಕ ಫರ್ನಿಚರ್ ಅಲ್ಲ ಅಂಕಲ್.”

“ಬಿಜಾಗರಿ?”

“ಅದೂ ಅಲ್ಲ.” ಎಂದವನೇ ಜೇಬಿನಿಂದ ತನ್ನ ಸ್ಕ್ರೂಡ್ರೈವರ್ ತೆಗೆದುಕೊಟ್ಟ.

ಹತ್ತು ನಿಮಿಷದಲ್ಲಿ ಬಾಗಿಲಿನ ಜೀವವೆಲ್ಲ ಒಂದು ಪ್ಲಾಸ್ಟಿಕ್ ಚೀಲದೊಳಗೆ ಬಂತು. ಉಳಿದ ಹಲಗೆಯನ್ನು ರಾಝಿಕ್ ಹೊತ್ತುಕೊಂಡು ಹೋಗಿ ಬೀಗ ಹಾಕಿದ. ಈಗ ಮರ ಬೇಕು. ನಮ್ಮಂಥವರ ಮನೆಯಲ್ಲಿ ಮರವೆಲ್ಲಿ, ಎಲ್ಲ ಒತ್ತಿದ ಪುಡಿಯ ಹಲಗೆ. ಗ್ರೇಸಿ ಆಂಟಿ ಅಡುಗೆಮನೆಗೆ ಹೋಗಿ, ತರಕಾರಿ ಹೆಚ್ಚುವ ದಪ್ಪ ಹಲಗೆಯನ್ನೂ ತೆಂಗಿನಕಾಯಿ ತುರಿಯುವ ತುರಿಮಣೆಯನ್ನೂ ತಂದು ನೆಲದ ಮೇಲಿಟ್ಟರು.

“ಹಲಸಿನ ಮರದ್ದು, ನನ್ನ ಅಮ್ಮ ಕೊಟ್ಟದ್ದು” ಎಂದರು. “ತೂತು ಅಡಿಭಾಗದಲ್ಲಿ ಮಾಡಿ. ಮೇಲೆ ನಾನು ಕೂರ್ಬೇಕು.”

ತುರಿಮಣೆ ಚೌಕಟ್ಟಾಯಿತು, ಹೆಚ್ಚುವ ಹಲಗೆ ಬಾಗಿಲಾಯಿತು, ನಡುವೆ ಬಿಜಾಗರಿ, ತುದಿಯಲ್ಲಿ ಚಿಲಕ. ಅಂಕಲ್ ಒಮ್ಮೆ ತೆರೆದರು. ಹಲಸಿನ ಮರದ ದನಿ ಮೊದಲಿನ ಬಾಗಿಲಿಗಿಂತ ತುಂಬಿ ಬಂತು. ಒಂದೇ ತೊಂದರೆ, ಅದು ತಾನಾಗಿ ನಿಲ್ಲುವುದಿಲ್ಲ. ಯಾರಾದರೂ ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದಿರಬೇಕು. ನಟರ ಕೈಯಲ್ಲಿ ಕಾಗದ. ಇಡೀ ತಂಡದಲ್ಲಿ ಕೆಲಸವಿಲ್ಲದವನು ನಿರ್ದೇಶಕ ಒಬ್ಬನೇ.

ಹೀಗೆ ಆರೂಕಾಲರ ಹೊತ್ತಿಗೆ, ಮುಚ್ಚಿದ ಪರದೆಯ ಹಿಂದೆ, ನಾನು ಗೋಡೆಯಾಗಿ ನಿಂತಿದ್ದೆ. ತುರಿಮಣೆಯ ಹಲ್ಲು ನನ್ನ ಗಲ್ಲದಿಂದ ಎರಡು ಬೆರಳು ದೂರದಲ್ಲಿತ್ತು. ಲ್ಯಾಪ್‌ಟಾಪು ಒಂದು ಮಾರು ದೂರದ ಮೇಜಿನ ಮೇಲೆ ಸುಮ್ಮನೆ ಬೆಳಗುತ್ತಿತ್ತು. ಸಭೆ ಕೆಮ್ಮಲಿ, ಏಳಲಿ, ಊಟಕ್ಕೆ ಹೋಗಲಿ, ಆ ಗುಂಡಿ ಒತ್ತಲು ನನಗೆ ಮೂರನೆಯ ಕೈ ಇರಲಿಲ್ಲ.

ಮಾತು ನಿಂತಿತು. ಅಂಕಲ್ ಮೈಕಿನ ಕೆಳಗೆ ತಟ್ಟೆಯಲ್ಲಿ ಹರಡಿದ್ದ ಮರಳಿನ ಮೇಲೆ ಬೂಟನ್ನು ಕೈಯಿಂದ ಒತ್ತಿದರು. ಅದೇ ಸದ್ದಿನಲ್ಲಿ ಮೆಟ್ಟಿಲು ಹತ್ತಿದರು. ಮೊದಲ ಬಾಗಿಲು ಸಲೀಸಾಗಿ ತೆರೆಯಿತು. ಎರಡನೆಯದು ಆಗಸ್ಟ್ ತಿಂಗಳ ಸೆಕೆಗೆ ಉಬ್ಬಿಕೊಂಡದ್ದು, ಭುಜ ಕೊಟ್ಟು ತಳ್ಳಬೇಕಾಯಿತು. ಮೂರನೆಯದರ ಹಿಂದೆ ಬಟ್ಟೆ ನೇತುಹಾಕಿತ್ತು. ಹ್ಯಾಂಗರ್ ಕೆರೆದ ಸದ್ದನ್ನು ಉಗುರಿನಲ್ಲಿ ಮಾಡಿದರು. ಹದಿನೈದು ಸೆಕೆಂಡು. ಹೊರಗೆ ಯಾವ ಸದ್ದೂ ಇಲ್ಲ. ನಾನು ಲ್ಯಾಪ್‌ಟಾಪಿನತ್ತ ಕಣ್ಣು ಹಾಯಿಸಿದೆ.

ನಾಲ್ಕನೆಯ ಚಿಲಕವನ್ನು ಅವರು ಕೂದಲೆಳೆಯಷ್ಟು ಎತ್ತಿ ನಿಲ್ಲಿಸಿದರು. ಒಳಗೆ ಯಾರೋ ಮಗ್ಗುಲು ಬದಲಿಸಿದ ಸದ್ದು. ಅಂಕಲ್ ಕಾದರು. ಮತ್ತೆ ಕೂದಲೆಳೆಯಷ್ಟು. ಶಿಫ್ಟ್ ಮುಗಿಸಿ ಬಂದವನು, ಮಲಗಿರುವ ಐದು ಜನರನ್ನು ಎಬ್ಬಿಸದೆ ಒಳಗೆ ಹೋಗುವ ಬಾಗಿಲು ಅದು. ಕತ್ತಲಲ್ಲಿ ಮೂರನೇ ಸಾಲಿನಿಂದ ಒಬ್ಬರೇ ಒಬ್ಬರು ನಕ್ಕರು. ದನಿ ಗುರುತಾಯಿತು, ಮೋಹನದಾಸ್ ಶೆಟ್ಟರದ್ದು. ಆಮೇಲೆ ಇಡೀ ಸಾಲು.

ಐದನೆಯದನ್ನು ತಟ್ಟಿದರು, ಒಳಗಿನಿಂದ ಯಾರೋ ತಿರುಗಿ ತಟ್ಟಿದರು. ಬಚ್ಚಲುಮನೆ. ಈಗ ಹೆಂಗಸರ ಕಡೆಯಿಂದಲೂ ನಗು ಹಾರಿತು. ಆರನೆಯದು ಬಾಲ್ಕನಿಯ ಜಾರುಬಾಗಿಲು, ಅಲ್ಲೂ ಯಾರೋ ಗೊರಕೆ ಹೊಡೆಯುತ್ತಿದ್ದಾರೆ. ಇಂಗ್ಲಿಷ್ ಕಂತಿನಲ್ಲಿ ಏಳನೆಯದು ಬೀರುವಿನ ಬಾಗಿಲು. ನಾನು ಬರೆದದ್ದೂ ಅದನ್ನೇ. ಗೋಡೆಯನ್ನು ಗಟ್ಟಿ ಹಿಡಿದು ಕಾದೆ.

ಅಂಕಲ್ ಚಿಲಕ ಮುಟ್ಟಲೇ ಇಲ್ಲ. ಮೈಕಿನ ಪಕ್ಕ ಎರಡು ಕುರ್ಚಿಗಳ ನಡುವೆ ಒಂದು ತಂತಿ ಕಟ್ಟಿದ್ದರು. ಮೈಕಿನ ವಯರು ನೇತುಹಾಕಲೋ ಏನೋ ಎಂದು ನಾನು ಅಷ್ಟು ಹೊತ್ತು ತಿಳಿದಿದ್ದೆ. ಅದರಲ್ಲಿ ಪೋಣಿಸಿದ್ದ ರಿಂಗುಗಳನ್ನು ಒಂದೇ ಎಳೆತಕ್ಕೆ ಎಳೆದರು. ಸರ್ರ್.

ಬಂಕ್ ಮಂಚದ ಪರದೆ. ಈ ಊರಿಗೆ ಮೊದಲು ಬಂದಾಗ ನಮಗೆಲ್ಲ ಮಂಚವೇ ಮನೆ, ಆ ಮನೆಗೆ ಇದ್ದ ಒಂದೇ ಬಾಗಿಲು ಅದು.

ಆಮೇಲೆ ಬಂದ ನಗುವನ್ನು ನಾನು ಕಿವಿಯಿಂದ ಕೇಳಲಿಲ್ಲ, ಎದೆಗೊತ್ತಿದ ಹಲಸಿನ ಮರದಿಂದ ಕೇಳಿದೆ. “ಅದು ನನ್ನದೇ ಮಂಚ ಮಾರಾಯ್ರೇ” ಎಂದು ಶೆಟ್ಟರು ಯಾರಿಗೋ ಹೇಳುತ್ತಿದ್ದರು. ನನಗೆ ಮಾತ್ರ ನಗುವ ಹಾಗಿರಲಿಲ್ಲ, ನಕ್ಕರೆ ಗಲ್ಲ ತುರಿದುಹೋಗುತ್ತಿತ್ತು. ನಲವತ್ತು ಸೆಕೆಂಡು ಎರಡು ನಿಮಿಷ ಹತ್ತು ಸೆಕೆಂಡಾಗಿತ್ತು.

ನಾಟಕ ಮುಗಿದು ಪರದೆ ತೆರೆದಾಗ ಜನ ಕಂಡದ್ದು, ಚಪ್ಪಾಳೆಗೆ ಏನು ಮಾಡಬೇಕೆಂದು ತಿಳಿಯದೆ ವಯರು ಸುತ್ತಲು ಹೊರಟ ಆಗಸ್ಟಿನ್ ಅಂಕಲ್‌ರನ್ನು. ಪಕ್ಕದಲ್ಲಿ ತುರಿಮಣೆ ತಬ್ಬಿಕೊಂಡ ನಿರ್ದೇಶಕನನ್ನು. ಶೆಟ್ಟರು ಎದ್ದು ನಿಂತರು. “ಆಗಸ್ಟಿನ್ ಭಾಯಿ, ಇನ್ನೊಮ್ಮೆ ಆಗ್ಲಿ. ಏಳೂ ಬೇಕು, ಒಂದೂ ಬಿಡ್ಬಾರ್ದು.”

ಅಂಕಲ್ ನನ್ನತ್ತ ನೋಡಿದರು. “ಎಷ್ಟು ಸೆಕೆಂಡು ಮಾಡ್ಲಿ, ಡೈರೆಕ್ಟರೇ?”

“ನಿಮಗೆ ಬೇಕಾದಷ್ಟು” ಎಂದು ಗೋಡೆಯನ್ನು ಎದೆಗೆ ಎತ್ತಿಕೊಂಡೆ.

ಈ ಸಲ ಪರದೆ ಮುಚ್ಚಲಿಲ್ಲ. ಮುಂದಿನ ಸಾಲಿನಲ್ಲಿ ಗ್ರೇಸಿ ಆಂಟಿ ಕಣ್ಣು ಮುಚ್ಚಿ ಕೂತಿದ್ದರು. ಅಂಕಲ್ ಬೂಟಿನಲ್ಲಿ ಮೆಟ್ಟಿಲು ಹತ್ತಿ, ಮೂರು ಬಾಗಿಲು ದಾಟಿ ಬಂದು, ನಾಲ್ಕನೆಯ ಚಿಲಕದ ಮೇಲೆ ಬೆರಳಿಟ್ಟರು. ಇನ್ನೂ ಎತ್ತಿರಲಿಲ್ಲ. ಸಭೆ ಆಗಲೇ ನಗುತ್ತಿತ್ತು.