ಮರದ ನೀರಿಗೊಂದು ಪಾತ್ರೆ

ಹೈಡೆಲ್‌ಬರ್ಗ್‌ನಲ್ಲಿ ನಾವು ಬಾಡಿಗೆಗಿದ್ದ ಮನೆಯ ಹಿತ್ತಲಲ್ಲಿ ಒಂದು ದೊಡ್ಡ ಮೇಪಲ್ ಮರವಿತ್ತು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಗಂಡ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿದ್ದರು, ನಾನು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಡಾಕ್ಟರು. ನಾವು ಮಹಡಿಯ ಮೇಲೆ, ಕೆಳಗೆ ಮನೆಯೊಡತಿ ಒಬ್ಬರೇ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರು. ಮಾತು ಬಹಳ ಕಡಿಮೆ.

ಆ ವರ್ಷ ಉದುರಿದ ಎಲೆಗಳೆಲ್ಲ ಮಾಡಿನ ನೀರು ಹೋಗುವ ಕೊಳವೆಯಲ್ಲಿ ಕಟ್ಟಿಕೊಂಡು ಗೋಡೆಯೆಲ್ಲ ತೇವವಾಯಿತು. ಮನೆಯೊಡತಿ ನನ್ನನ್ನು ಕರೆದು ತೋರಿಸಿದರು. "ಈ ಮರ ಕಡಿಸಿಬಿಡುತ್ತೇನೆ. ಇದರಿಂದ ಯಾರಿಗೆ ಏನು ಬಂತು?"

ಭಾಷೆ ಬಾರದ ಮೊದಲ ವರ್ಷ ನಾನು ಕಿಟಕಿಯಲ್ಲಿ ಕೂತು ನೋಡುತ್ತಿದ್ದುದು ಆ ಮರವನ್ನೇ. ಬಾಯಿಗೆ ಬಂದದ್ದು ಅಂದುಬಿಟ್ಟೆ: "ಇದರಿಂದ ಪಾಕ ಬರುತ್ತದೆ. ನಾನು ಮಾಡಿ ತೋರಿಸುತ್ತೇನೆ."

ವಾರ್ಡಿನಲ್ಲಿದ್ದ ಕೆನಡಾದ ಡಾಕ್ಟರೊಬ್ಬರು ತಮ್ಮೂರಿನ ಮೇಪಲ್ ಪಾಕವನ್ನು ಒಮ್ಮೆ ಚಮಚದಲ್ಲಿ ಕೊಟ್ಟಿದ್ದರು. ಥೇಟ್ ನಮ್ಮ ಜೋನಿಬೆಲ್ಲದ ರುಚಿ. ನನಗೆ ಗೊತ್ತಿದ್ದುದು ಅಷ್ಟೇ.

"ತಿನ್ನುವಂಥದ್ದು ಬಂದರೆ ಮರ ಇರಲಿ," ಎಂದರು ಆಕೆ. "ಬೇಸಿಗೆವರೆಗೆ ಕಾಯುತ್ತೇನೆ. ಆದರೆ ಹುಳಿತ ಪದಾರ್ಥವೇನಾದರೂ ನನ್ನ ಕೆಲ್ಲರ್‌ನಲ್ಲಿ ಕಂಡರೆ ಅಲ್ಲಿಗೆ ಮುಗಿಯಿತು." ಕೆಲ್ಲರ್ ಎಂದರೆ ನೆಲಮಾಳಿಗೆ. ಇಡೀ ಮನೆಯಲ್ಲಿ ತಣ್ಣಗಿದ್ದ ಜಾಗ ಅದೊಂದೇ.

ಚಳಿಗಾಲದ ಕೊನೆಯಲ್ಲಿ, ರಾತ್ರಿ ಹಿಮಗಟ್ಟಿ ಹಗಲು ಬಿಸಿಲು ಬೀಳತೊಡಗಿದಾಗ, ಕೆನಡಾದವರು ಹೇಳಿದಂತೆ ಬೈರಿಗೆಯಲ್ಲಿ ಕಾಂಡಕ್ಕೆ ತೂತು ಕೊರೆದು ನಳಿಗೆ ಸಿಕ್ಕಿಸಿದೆ. ತೊಟ್ಟುತೊಟ್ಟಾಗಿ ನೀರು ಬಂತು. ಕೈಗೆ ಸಿಕ್ಕಿದ ಸತುವಿನ ಬಕೆಟ್ಟಿನಲ್ಲಿ ಹಿಡಿದು ಹಾಗೇ ಬಿಟ್ಟೆ. ಎರಡು ದಿನಕ್ಕೆ ಅದು ಲೋಹದ ಒಗರು ಹಿಡಿದು ಬೆಳ್ಳಗೆ ಕದಡಿಹೋಗಿತ್ತು. ಚೆಲ್ಲಿದೆ. ಆಮೇಲೆ ಅಂಗಡಿಯವನು ಕೊಟ್ಟ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬ ತಂದೆ. ಅದರಲ್ಲಿ ಮೊದಲು ಹುಳಿ ಎಲೆಕೋಸಿನ ಸೌರ್‌ಕ್ರೌಟ್ ಇತ್ತು. ಎಷ್ಟು ತೊಳೆದರೂ ಮರದ ನೀರು ಆ ವಾಸನೆಯನ್ನು ಹೀರಿಕೊಂಡಿತು. ಅದನ್ನೂ ಚೆಲ್ಲಿದೆ.

"ಬಿಟ್ಟುಬಿಡೇ," ಎಂದರು ನನ್ನವರು. "ಅಂಗಡೀಲಿ ಜೇನು ಸಿಗುತ್ತೆ."

"ಜೇನು ತಂದರೆ ಮರ ಉಳಿಯುತ್ತೇನ್ರೀ?"

ಮೊಗ್ಗು ಒಡೆದರೆ ನೀರು ಕಹಿಯಾಗುತ್ತದೆ, ದಿನ ಹೆಚ್ಚಿರಲಿಲ್ಲ. ಪಾತ್ರೆಯನ್ನು ಪರೀಕ್ಷಿಸದೆ ಇನ್ನೊಂದು ತೊಟ್ಟೂ ಹಿಡಿಯುವುದಿಲ್ಲ ಎಂದು ನಿಶ್ಚಯಿಸಿದೆ. ಮನೆಯಲ್ಲಿದ್ದ ಒಂದೊಂದು ದೊಡ್ಡ ಪಾತ್ರೆಗೂ ಬಿಸಿನೀರು ಹುಯ್ದು ಮುಚ್ಚಿಟ್ಟು, ಬೆಳಿಗ್ಗೆ ಮೂಸಿ ನೋಡಿ, ಒಂದು ಗುಟುಕು ಕುಡಿದೆ. ಒಂದೂ ಪಾಸಾಗಲಿಲ್ಲ.

ಇದನ್ನೆಲ್ಲ ಕಿಟಕಿಯಿಂದ ನೋಡುತ್ತಿದ್ದ ಮನೆಯೊಡತಿ ಒಂದು ಬೆಳಿಗ್ಗೆ ಬಿಳಿ ಎನಾಮಲ್ಲಿನ ಹಾಲಿನ ಕ್ಯಾನು ತಂದು ಮೆಟ್ಟಿಲ ಮೇಲಿಟ್ಟರು. "ನನ್ನ ತಾಯಿಯದು."

ಒಳಗೆ ಕೈಯಾಡಿಸಿದೆ. ತಳದಲ್ಲಿ ಎನಾಮಲ್ ಎದ್ದು ತುಕ್ಕು ಹಿಡಿದಿತ್ತು. ಹೇಳುವುದೋ ಬೇಡವೋ ಎಂದು ಯೋಚಿಸಿ, ಕ್ಯಾನನ್ನು ಅವರ ಕಡೆ ವಾಲಿಸಿದೆ. "ಕ್ಷಮಿಸಿ, ಇದು ಆಗುವುದಿಲ್ಲ," ಎಂದೆ.

ಆಕೆಯ ಮುಖ ಕೆಂಪಾಯಿತು. ಕನ್ನಡಕ ಹಾಕಿಕೊಂಡು ಒಳಗೆ ಬಗ್ಗಿ ನೋಡಿದರು. ಕೆಳಗೆ ಹೋಗಿ, ಇನ್ನೊಂದು ಕ್ಯಾನು ತಂದರು. ಅದು ಪಾಸಾಯಿತು. ಅದರಲ್ಲಿ ಹಿಡಿದ ನೀರನ್ನು ಕೆಲ್ಲರ್‌ನಲ್ಲಿ ಹಿಮ ತುಂಬಿದ ತೊಟ್ಟಿಯಲ್ಲಿಟ್ಟು, ಪ್ರತಿ ಸಲ ಕ್ಯಾನು ತುಂಬಿದ ಕೂಡಲೇ ಅವರದೇ ಜಾಮ್ ಕಾಯಿಸುವ ಪಾತ್ರೆಯಲ್ಲಿ ಕುದಿಸಿದೆ. ಅಷ್ಟು ನೀರು ಬತ್ತಿ ಉಳಿದದ್ದು ಒಂದು ಸಣ್ಣ ಪಾತ್ರೆಯಷ್ಟು, ಜೇನಿನ ಬಣ್ಣದ ಪಾಕ.

ಅದನ್ನು ತುಂಬಿಡಲು ಮೈಸೂರಿನಿಂದ ತಂದಿದ್ದ ಸ್ಟೀಲ್ ಡಬ್ಬಿ ಹೆಮ್ಮೆಯಿಂದ ತೆಗೆದೆ. ಮನೆಯೊಡತಿ ಕೈಚಾಚಿ ಡಬ್ಬಿ ಇಸಿದುಕೊಂಡು, ನನ್ನಂತೆಯೇ ಮೂಗಿಗೆ ಹಿಡಿದು, ತಟ್ಟನೆ ತಲೆ ಹಿಂದೆಳೆದುಕೊಂಡರು. ವರ್ಷಗಟ್ಟಲೆ ಸಾರಿನಪುಡಿ ಕೂತಿದ್ದ ಡಬ್ಬಿ; ಹುಣಸೆಹಣ್ಣಿನಲ್ಲಿ ಉಜ್ಜಿದ್ದರೂ ಇಂಗು ಹೋಗಿರಲಿಲ್ಲ.

"ಕ್ಷಮಿಸಿ, ಇದು ಆಗುವುದಿಲ್ಲ," ಎಂದು ಆಕೆ ಜೋರಾಗಿ ನಕ್ಕುಬಿಟ್ಟರು. ಅವರು ನಕ್ಕಿದ್ದನ್ನು ನಾನು ಅದುವರೆಗೂ ಕಂಡಿರಲಿಲ್ಲ.

ಕೊನೆಗೆ ಅವರು ಹಣ್ಣು ಹಾಕಿಡುವ ಗಾಜಿನ ಜಾಡಿಗಳನ್ನು ಇಬ್ಬರೂ ಸೇರಿ ಕುದಿಸಿದೆವು. ಮುಚ್ಚಳಗಳಿಗೆ ಹೊಸ ರಬ್ಬರ್ ಬಳೆ ಹಾಕಿ, ಪಾಕ ಸುಡುಸುಡುವಾಗಿರುವಾಗಲೇ ಹುಯ್ದು ಬಿಗಿದೆವು. ಜಾಡಿಗಳು ಕೆಲ್ಲರ್‌ನಲ್ಲಿ ಬೇಸಿಗೆಯವರೆಗೆ ಕೂತವು. ಬೂಷ್ಟು ಬಂದಿರಬಹುದೆಂದು ನನಗೆ ನಿದ್ದೆಯಿರಲಿಲ್ಲ. ತೆರೆದಾಗ ಪಾಕ ತಿಳಿಯಾಗಿತ್ತು. ಮನೆಯೊಡತಿ ಬೆರಳದ್ದಿ ನೆಕ್ಕಿದರು, ಮತ್ತೊಮ್ಮೆ ಅದ್ದಿದರು. ಹೊಗಳಲಿಲ್ಲ. ಆ ವಾರವೇ ಆಳು ಕರೆಸಿ, ಎಲೆ ಬೀಳದಂತೆ ಕೊಳವೆಯ ಬಾಯಿಗೆ ತಂತಿ ಬಲೆ ಹೊಡೆಸಿದರು.

ಭಾನುವಾರ ಅವರನ್ನು ಊಟಕ್ಕೆ ಕರೆದೆ. ಅಷ್ಟು ವರ್ಷದಲ್ಲಿ ಒಮ್ಮೆಯೂ ಮಹಡಿ ಹತ್ತದಿದ್ದವರು ಇಸ್ತ್ರಿ ಮಾಡಿದ ಉಡುಪು ತೊಟ್ಟು ಬಂದರು. ನಾನು ದೋಸೆ ಹುಯ್ಯುತ್ತಾ ಹೋದೆ, ಅವರು ಪಾಕ ಸುರಿದುಕೊಂಡು ತಿನ್ನುತ್ತಾ ಹೋದರು.